ವಹಾಕಾದ ವಾರದ ಸಂತೆಗಳಲ್ಲಿ ಕೈಕೆಲಸದ ವಸ್ತು ಕೊಳ್ಳುವುದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

ಮೆಕ್ಸಿಕೋದ ವಹಾಕಾಗೆ ಟಿಕೆಟ್ ಬುಕ್ ಮಾಡುವ ಮುಂಚೆ ಕ್ಯಾಲೆಂಡರ್ ನೋಡಿ. ಗುರುವಾರ ಬೆಳಿಗ್ಗೆ ಊರು ಸೇರಿ ಸೋಮವಾರ ಹೊರಡುವ ಹಾಗಿದ್ದರೆ ಒಳ್ಳೆಯದು. ನಡುವೆ ಒಂದು ಶುಕ್ರವಾರ, ಒಂದು ಭಾನುವಾರ ಸಿಗಲೇಬೇಕು. ಈ ಎರಡು ದಿನ ತಪ್ಪಿದರೆ ಅಂಗಡಿ ಸುತ್ತಿಕೊಂಡು ಬರಬೇಕಾಗುತ್ತದೆ, ಅಷ್ಟೇ.

ಮೆಕ್ಸಿಕೋದಲ್ಲಿ ಕೈಕೆಲಸಕ್ಕೆ ಹೆಸರಾದ ಊರು ಬೇಕಾದಷ್ಟಿವೆ. ಆದರೂ ಒಂದೇ ಊರಿಗೆ ಹೋಗಲು ಸಮಯ ಇದೆ ಅನ್ನುವವರಿಗೆ ನಾನು ವಹಾಕಾ ಅಂತಲೇ ಹೇಳುತ್ತೇನೆ. ಮಣ್ಣು, ಮರ, ಉಣ್ಣೆ, ಹತ್ತಿ, ಕಸೂತಿ, ಎಲ್ಲವನ್ನೂ ಮಾಡುವ ಹಳ್ಳಿಗಳು ನಗರದಿಂದ ಒಂದು ಗಂಟೆಯ ದಾರಿಯೊಳಗಿವೆ. ವಸ್ತು ಮಾರುವ ಜಾಗ, ಮಾಡುವ ಜಾಗ ಎರಡನ್ನೂ ಒಂದೇ ದಿನ ನೋಡಬಹುದು. ಕೊಳ್ಳುವವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಇಲ್ಲ.

ಹಂತ 1: ಯಾವ ವಾರ ಎಲ್ಲಿ ಸಂತೆ

ವಹಾಕಾ ನಗರದ ಸುತ್ತಲಿನ ಕಣಿವೆಯಲ್ಲಿ ಸಂತೆ ದಿನಕ್ಕೊಂದು ಊರಲ್ಲಿ ಕೂಡುತ್ತದೆ. ಸ್ಪೇನಿನವರು ಕಾಲಿಡುವ ಮುಂಚಿನಿಂದಲೂ ನಡೆದುಬಂದ ಕ್ರಮ. ಅಲ್ಲಿಯವರು ಇದನ್ನು ತಿಯಾಂಗಿಸ್ ಅನ್ನುತ್ತಾರೆ. ಬುಧವಾರ ಎತ್ಲಾ, ಗುರುವಾರ ಸಾಚಿಲಾ, ಶುಕ್ರವಾರ ಒಕೊತ್ಲಾನ್, ಭಾನುವಾರ ತ್ಲಾಕೊಲುಲಾ. ನಗರದೊಳಗಿನ ಸೆಂತ್ರಾಲ್ ದೆ ಅಬಾಸ್ತೊಸ್ ಮಾರುಕಟ್ಟೆ ದಿನಾ ಇರುತ್ತದೆ. ಶನಿವಾರ ಮಾತ್ರ ಕಾಲಿಡಲು ಜಾಗ ಇರುವುದಿಲ್ಲ.

ಎತ್ಲಾ ಸಂತೆಯಲ್ಲಿ ಚೀಸ್, ಊಟ-ತಿಂಡಿ ಜಾಸ್ತಿ. ಸಾಚಿಲಾದಲ್ಲಿ ದನ, ಕುರಿ, ಟರ್ಕಿ ಕೋಳಿ. ಕೈಕೆಲಸಕ್ಕೆ ಶುಕ್ರವಾರ ಮತ್ತು ಭಾನುವಾರವೇ ಸರಿ.

ಈ ಸಂತೆಗಳು ಪ್ರವಾಸಿಗರಿಗೆ ಅಂತ ಕೂಡುವಂಥವಲ್ಲ. ಸುತ್ತಲಿನ ಹಳ್ಳಿಯವರು ಹಗ್ಗ, ಒಣಮೆಣಸಿನಕಾಯಿ, ರುಬ್ಬುವ ಕಲ್ಲು, ಪ್ಲಾಸ್ಟಿಕ್ ಬಕೆಟ್ ಕೊಳ್ಳಲು ಬರುತ್ತಾರೆ. ನಿಮಗೆ ಬೇಕಾದ್ದು ಇವುಗಳ ನಡುವೆ ಎಲ್ಲೋ ಒಂದು ಸಾಲಿನಲ್ಲಿ ಇರುತ್ತದೆ. ಹುಡುಕುವ ತಾಳ್ಮೆ ಇರಲಿ.

ಜುಲೈ ಕೊನೆಯ ಎರಡು ಸೋಮವಾರ ಗೆಲಾಗೆತ್ಸಾ ಹಬ್ಬ, ನವೆಂಬರ್ 1 ಮತ್ತು 2ಕ್ಕೆ ಸತ್ತ ಹಿರಿಯರ ಹಬ್ಬ. ಎರಡೂ ಹೊತ್ತಿನಲ್ಲಿ ಊರು ತುಂಬಿರುತ್ತದೆ, ರೂಮಿನ ಬಾಡಿಗೆ ಏರಿರುತ್ತದೆ. ಹಬ್ಬ ನೋಡಲು ಹೋಗುವುದಾದರೆ ಸರಿ. ಕೊಳ್ಳುವುದೇ ಮುಖ್ಯ ಆಗಿದ್ದರೆ ಬೇರೆ ತಿಂಗಳು ಆರಿಸಿಕೊಳ್ಳಿ.

ಹಂತ 2: ಮೊದಲ ದಿನ ಏನೂ ಕೊಳ್ಳಬೇಡಿ

ಮೊದಲ ದಿನ ಕಣ್ಣಿಗೆ ಕೆಲಸ ಕೊಡಿ, ಪರ್ಸಿಗಲ್ಲ. ನಗರದ ನಡುವೆಯೇ ಜವಳಿ ಮ್ಯೂಸಿಯಂ ಇದೆ. 2008ರಲ್ಲಿ ಶುರುವಾದದ್ದು. ಒಳ್ಳೆಯ ನೇಯ್ಗೆ, ಒಳ್ಳೆಯ ಕಸೂತಿ ಹೇಗಿರುತ್ತದೆ ಅಂತ ಅಲ್ಲಿ ಒಂದು ಗಂಟೆ ನಿಂತು ನೋಡಿದರೆ ಮರುದಿನ ಸಂತೆಯಲ್ಲಿ ನಿಮ್ಮ ಕೈ ತಾನಾಗಿಯೇ ಸರಿಯಾದ ಬಟ್ಟೆಯ ಮೇಲೆ ಹೋಗುತ್ತದೆ.

ಮೆಕ್ಸಿಕೋ ಸಿಟಿ ಮೂಲಕ ಬರುವವರು ಅಲ್ಲೇ ಈ ಕೆಲಸ ಮುಗಿಸಬಹುದು. 2006ರಲ್ಲಿ ತೆರೆದ ಜನಪದ ಕಲೆಯ ಮ್ಯೂಸಿಯಂ, ಮೂಸೆಯೊ ದೆ ಆರ್ತೆ ಪೊಪುಲಾರ್, ಊರಿನ ಹಳೇ ಭಾಗದಲ್ಲೇ ಇದೆ. ಜೊತೆಗೆ ಫೊನಾರ್ತ್ ಅಂಗಡಿ. ಇದು ಕುಶಲಕರ್ಮಿಗಳಿಗಾಗಿ ಸರ್ಕಾರ 1974ರಲ್ಲಿ ಶುರು ಮಾಡಿದ ಸಂಸ್ಥೆ. ಬೆಲೆ ಚೀಟಿಯ ಮೇಲೆ ಬರೆದಿರುತ್ತದೆ, ಚೌಕಾಸಿ ಇಲ್ಲ. ಇಷ್ಟವಾದ ನಾಲ್ಕೈದು ವಸ್ತುಗಳ ಗಾತ್ರ, ಊರಿನ ಹೆಸರು, ಬೆಲೆ ಫೋನಿನಲ್ಲಿ ಬರೆದುಕೊಳ್ಳಿ. ಆಮೇಲೆ ಯಾರಾದರೂ ಬೆಲೆ ಹೇಳಿದಾಗ ಜಾಸ್ತಿಯೋ ಕಮ್ಮಿಯೋ ಅಂತ ಅಂದಾಜು ಸಿಗುತ್ತದೆ.

ಹಂತ 3: ದುಡ್ಡು

ಮೆಕ್ಸಿಕೋದ ಪೆಸೊಗೂ ಅಮೆರಿಕದ ಡಾಲರಿಗೂ ಒಂದೇ ಚಿಹ್ನೆ. ಸಂತೆಯಲ್ಲಿ ಆ ಚಿಹ್ನೆಯ ಮುಂದೆ 350 ಅಂತ ಬರೆದಿದ್ದರೆ ಅದು 350 ಪೆಸೊ. ಅಮೆರಿಕದಿಂದ ಹೋಗುವ ನಮ್ಮವರು ಇದನ್ನು ನೋಡಿ ಬೆಚ್ಚಿಬೀಳುವುದು ಸಹಜ.

ನೋಟುಗಳ ವಿಷಯದಲ್ಲಿ ಎಚ್ಚರ ಬೇಕು. 2018ರಲ್ಲಿ ಬಂದ 500 ಪೆಸೊ ನೋಟು ನೀಲಿ, ಮೇಲೆ ಬೆನಿತೊ ಹುವಾರೆಸ್ ಚಿತ್ರ. ಹಳೆಯ 20 ಪೆಸೊ ನೋಟೂ ನೀಲಿ, ಅದರ ಮೇಲೂ ಅವರೇ. ಬಿಸಿಲಲ್ಲಿ, ಅವಸರದಲ್ಲಿ ಇಪ್ಪತ್ತು ಅಂದುಕೊಂಡು ಐನೂರು ಕೊಟ್ಟುಬಿಡಬಹುದು. ಎರಡನ್ನೂ ಬೇರೆ ಬೇರೆ ಜೇಬಿನಲ್ಲಿ ಇಡಿ.

ಹಳ್ಳಿ ಸಂತೆಯಲ್ಲಿ ಕಾರ್ಡ್ ನಡೆಯುತ್ತದೆ ಅಂತ ನಂಬಿಕೊಂಡು ಹೋಗಬೇಡಿ. ನಗರದಲ್ಲೇ, ಬ್ಯಾಂಕಿನ ಒಳಗಿರುವ ಎಟಿಎಂನಲ್ಲಿ ದುಡ್ಡು ತೆಗೆಯಿರಿ. ಮೆಷಿನ್ ತಾನೇ ದರ ಹಾಕಿ ನಿಮ್ಮ ಕರೆನ್ಸಿಗೆ ಬದಲಾಯಿಸಿಕೊಡಲಾ ಅಂತ ಕೇಳಿದರೆ ಬೇಡ ಅನ್ನಿ. ಆ ದರ ಸಾಮಾನ್ಯವಾಗಿ ದುಬಾರಿ. ಬಂದ 500ರ ನೋಟುಗಳನ್ನು ಹೋಟೆಲಿನಲ್ಲೋ ಸೂಪರ್ ಮಾರ್ಕೆಟಿನಲ್ಲೋ ಒಡೆಸಿಕೊಳ್ಳಿ. ಬೆಳಿಗ್ಗೆ ಮೊದಲ ಗಿರಾಕಿ ನೀವಾಗಿದ್ದು, 40 ಪೆಸೊ ವ್ಯಾಪಾರಕ್ಕೆ 500 ಚಾಚಿದರೆ ಪಾಪ ಆ ಅಜ್ಜಿ ಚಿಲ್ಲರೆಗಾಗಿ ಸಂತೆಯೆಲ್ಲಾ ಓಡಾಡಬೇಕು.

ಹಂತ 4: ಶುಕ್ರವಾರ, ದಕ್ಷಿಣದ ದಾರಿ

ನಗರದಿಂದ ದಕ್ಷಿಣಕ್ಕೆ ಹೋಗುವ 175ನೇ ಹೆದ್ದಾರಿ ಹಿಡಿಯಿರಿ. ಒಂದೇ ರಸ್ತೆಯ ಆಚೀಚೆ ಐದು ಊರು ಸಿಗುತ್ತವೆ. ಷೇರ್ ಟ್ಯಾಕ್ಸಿಗಳಿವೆ, ಕೊಲೆಕ್ತಿವೊ ಅನ್ನುತ್ತಾರೆ. ಆದರೆ ಈ ದಾರಿಯಲ್ಲಿ ಅಲ್ಲಲ್ಲಿ ಇಳಿದು ಹತ್ತಬೇಕು, ಕೈಯಲ್ಲಿ ಮಡಕೆ ಬೇರೆ. ಮೂರ್ನಾಲ್ಕು ಜನ ಇದ್ದರೆ ದಿನಕ್ಕೆ ಒಂದು ಟ್ಯಾಕ್ಸಿ ಮಾತಾಡಿಕೊಳ್ಳುವುದೇ ವಾಸಿ. ಯಾವ ಊರು, ಯಾವ ಮನೆ ಅಂತ ನೀವೇ ಹೇಳಿ. ಡ್ರೈವರಿಗೆ ಬಿಟ್ಟರೆ ಕಮಿಷನ್ ಸಿಗುವ ಮನೆಗೇ ಕರೆದುಕೊಂಡು ಹೋಗಬಹುದು, ಆ ಕಮಿಷನ್ ನಿಮ್ಮ ಬಿಲ್ಲಿನಲ್ಲೇ ಸೇರಿರುತ್ತದೆ.

ಬೆಳಿಗ್ಗೆ ಮೊದಲು ನೇರ ಒಕೊತ್ಲಾನ್‌ಗೆ ಹೋಗಿ, ವಾಪಸ್ ಬರುವಾಗ ಉಳಿದ ಊರುಗಳನ್ನು ನೋಡಿ. ಸಂತೆಗೆ ಬೆಳಗಿನ ಹೊತ್ತು ಚೆನ್ನ. ಒಡೆಯುವ ಮಡಕೆ ಕೊನೆಗೆ ಕೊಂಡರೆ ದಿನವಿಡೀ ಹೊರುವ ಕಷ್ಟವೂ ಇಲ್ಲ.

ಒಕೊತ್ಲಾನ್ ಚಿತ್ರಕಾರ ರೊದೊಲ್ಫೊ ಮೊರಾಲೆಸ್ ಅವರ ಊರು. ಪುರಸಭೆ ಕಟ್ಟಡದ ಗೋಡೆಗಳ ಮೇಲೆ ಅವರ ಚಿತ್ರಗಳಿವೆ. ಸಂತೆ ನಡೆಯುವುದು ಊರ ನಡುವಿನ ಚೌಕದಲ್ಲಿ. ಇಲ್ಲಿಯ ಅಗಿಲಾರ್ ಅಕ್ಕತಂಗಿಯರ ಮಣ್ಣಿನ ಗೊಂಬೆಗಳು ದೇಶ ದಾಟಿ ಹೆಸರು ಮಾಡಿವೆ: ಸಂತೆಯ ಹೆಂಗಸರು, ಮದುವೆ ದಿಬ್ಬಣ, ಅಸ್ಥಿಪಂಜರಗಳು.

ಪಕ್ಕದಲ್ಲೇ ಸಾನ್ ಅಂತೊನಿನೊ. ಇಲ್ಲಿಯ ಹೂವಿನ ಕಸೂತಿಯ ರವಿಕೆಗಳನ್ನು ಹತ್ತಿರದಿಂದ ನೋಡಿ. ಎದೆಯ ಪಟ್ಟಿಯ ಕೆಳಗೆ ನೆರಿಗೆ ಹಿಡಿದಿರುವ ಒಂದು ಸಾಲು ಇರುತ್ತದೆ. ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರೆ ಅದು ಸುಮ್ನೆ ಹೊಲಿಗೆಯಲ್ಲ, ಕೈ ಕೈ ಹಿಡಿದು ನಿಂತ ಪುಟ್ಟ ಪುಟ್ಟ ಮನುಷ್ಯರು. ಈ ಹೊಲಿಗೆಗೆ ಅಲ್ಲಿಯವರು ಇಟ್ಟ ಹೆಸರು ‘ಆಸ್ಮೆ ಸಿ ಪ್ವೆದೆಸ್’, ಅಂದರೆ ‘ಕೈಲಾದರೆ ನನ್ನನ್ನು ಮಾಡು’. ಹೊಲಿದವರ ಸೊಕ್ಕು ಸರಿಯಾಗಿಯೇ ಇದೆ.

ವಾಪಸ್ ಬರುವಾಗ ಸಾಂತೊ ತೊಮಾಸ್ ಹಲಿಯೆಸಾ. ಸೊಂಟಕ್ಕೆ ಕಟ್ಟಿಕೊಂಡು ನೇಯುವ ಮಗ್ಗದ ಊರು. ಬೆಲ್ಟು, ಚೀಲ, ಟೇಬಲ್ ಪಟ್ಟಿ ಸಿಗುತ್ತವೆ. ಮಗ್ಗದ ಒಂದು ತುದಿ ಕಂಬಕ್ಕೆ, ಇನ್ನೊಂದು ತುದಿ ನೇಯುವವಳ ಸೊಂಟಕ್ಕೆ. ಆಕೆ ಹಿಂದೆ ವಾಲಿದರೆ ನೂಲು ಬಿಗಿ, ಮುಂದೆ ಬಗ್ಗಿದರೆ ಸಡಿಲ. ಬಟ್ಟೆಯ ಅಗಲ ಆಕೆಯ ಮೈಯಳತೆ ಮೀರುವಂತಿಲ್ಲ. ಅಗಲವಾದ ಬಟ್ಟೆ ಬೇಕಾದರೆ ಎರಡು ಮೂರು ಪಟ್ಟಿ ಸೇರಿಸಿ ಹೊಲಿಯಬೇಕು. ಹಾಗಾಗಿ ಇಂಥ ಬಟ್ಟೆಯ ನಡುವೆ ಜೋಡಣೆ ಕಂಡರೆ ಅದು ದೋಷ ಅಲ್ಲ.

ಸಾನ್ ಮಾರ್ತಿನ್ ತಿಲ್ಕಾಹೆತೆ ಮರದ ಅಲೆಬ್ರಿಹೆಗಳ, ಅಂದರೆ ಬಣ್ಣ ಬಳಿದ ಕಲ್ಪನೆಯ ಪ್ರಾಣಿಗಳ ಊರು. ರೆಕ್ಕೆ ಇರುವ ನರಿ, ಕೊಂಬಿನ ಮೊಲ, ಮೈತುಂಬಾ ಚುಕ್ಕಿ. ಇವು ಪುರಾತನ ಕಲೆ ಅಂತ ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗಿ. ಮೆಕ್ಸಿಕೋ ಸಿಟಿಯ ಪೆದ್ರೊ ಲಿನಾರೆಸ್ 1936ರಲ್ಲಿ ಜ್ವರದಲ್ಲಿ ಕಂಡ ಕನಸಿನ ಪ್ರಾಣಿಗಳನ್ನು ಕಾಗದ ಮತ್ತು ಅಂಟಿನಲ್ಲಿ ಮಾಡಿದರು. ವಹಾಕಾದಲ್ಲಿ ಮರದ ಕೆತ್ತನೆಗೆ ಹೆಸರು ತಂದವರು ಅರಾಸೊಲಾ ಊರಿನ ಮಾನ್ವೆಲ್ ಹಿಮೆನೆಸ್. ಕೆತ್ತುವುದು ಕೊಪಾಲ್ ಮರದಲ್ಲಿ, ಹಸಿ ಇರುವಾಗಲೇ. ಆಮೇಲೆ ತಿಂಗಳುಗಟ್ಟಲೆ ಒಣಗಿಸಿ, ಬಿರುಕು ತುಂಬಿ ಬಣ್ಣ ಹಚ್ಚುತ್ತಾರೆ.

ಬೆಲೆ ಗಾತ್ರಕ್ಕಿಂತ ಬಣ್ಣದ ಕೆಲಸದ ಮೇಲೆ ನಿಂತಿರುತ್ತದೆ. ಅಂಗೈಯಗಲದ ಒಂದು ಆಮೆ ಮೊಳದುದ್ದದ ಜಿಂಕೆಗಿಂತ ದುಬಾರಿ ಆಗಿರಬಹುದು. ಹೊಟ್ಟೆಯ ಕೆಳಗೆ, ಕಾಲಿನ ಸಂದಿಯಲ್ಲಿ ನೋಡಿ. ಯಾರೂ ನೋಡದ ಜಾಗದಲ್ಲೂ ಚುಕ್ಕಿಗಳು ಅಷ್ಟೇ ಸಾಲಾಗಿದ್ದರೆ ಅದು ಒಳ್ಳೆಯ ಕೈ. ಬುಡದಲ್ಲಿ ಸಹಿ ಇದೆಯಾ ನೋಡಿ. ಕೆಲವೊಮ್ಮೆ ಗಂಡ ಹೆಂಡತಿ ಇಬ್ಬರ ಹೆಸರೂ ಇರುತ್ತದೆ: ಕೆತ್ತಿದ್ದು ಒಬ್ಬರು, ಬಣ್ಣ ಇನ್ನೊಬ್ಬರು. ಸೂಜಿ ಮೊನೆಯಷ್ಟು ತೂತು, ಪಕ್ಕದಲ್ಲಿ ಹಿಟ್ಟಿನಂಥ ಪುಡಿ ಕಂಡರೆ ಒಳಗೆ ಹುಳ ಇದೆ. ಬಿಟ್ಟುಬಿಡಿ.

ಕೊನೆಗೆ ಸಾನ್ ಬಾರ್ತೊಲೊ ಕೊಯೊತೆಪೆಕ್, ಕಪ್ಪು ಮಣ್ಣಿನ ಪಾತ್ರೆಗಳ ಊರು. ಒಲೆಯ ಬಾಯಿ ಮುಚ್ಚಿ, ಗಾಳಿ ಆಡದಂತೆ ಮಾಡಿ ಸುಟ್ಟಾಗ ಮಣ್ಣು ಕಪ್ಪಾಗುತ್ತದೆ. ಮೇಲೆ ಬಣ್ಣ ಹಚ್ಚುವುದಿಲ್ಲ. ಹೊಳಪು ಬಂದದ್ದು 20ನೇ ಶತಮಾನದ ನಡುವಿನಲ್ಲಿ, ಇಲ್ಲಿಯ ರೋಸಾ ರಿಯಾಲ್ ಅವರ ಕೈಯಿಂದ. ಅರ್ಧ ಒಣಗಿದ ಮಣ್ಣನ್ನು ಬೆಣಚು ಕಲ್ಲಿನಿಂದ ಉಜ್ಜಿ, ಕಮ್ಮಿ ಶಾಖದಲ್ಲಿ ಸುಡುವುದು ಅವರ ಉಪಾಯ. ಹೊಳಪು ಬಂತು, ಗಟ್ಟಿತನ ಹೋಯಿತು. ಈಗಿನ ಹೊಳೆಯುವ ಹೂಜಿಯಲ್ಲಿ ನೀರು ನಿಲ್ಲುವುದಿಲ್ಲ, ಸುಮ್ನೆ ಅಲಂಕಾರಕ್ಕೆ. ನೀರು ತುಂಬುವ ಪಾತ್ರೆ ಬೇಕಾದರೆ ಹೊಳಪಿಲ್ಲದ ಬೂದು ಬಣ್ಣದ್ದನ್ನು ಕೇಳಿ. ಬೆರಳಿನಿಂದ ತಟ್ಟಿದರೆ ಅದು ಕಣಕಣ ಅನ್ನಬೇಕು. ಸತ್ತ ದನಿ ಬಂದರೆ ಎಲ್ಲೋ ಕೂದಲೆಳೆಯ ಸೀಳಿದೆ.

ಹಂತ 5: ಭಾನುವಾರ, ಪೂರ್ವದ ದಾರಿ

ತ್ಲಾಕೊಲುಲಾ ನಗರದಿಂದ ಪೂರ್ವಕ್ಕೆ ಸುಮಾರು 30 ಕಿಲೋಮೀಟರ್. ಬೇಸ್‌ಬಾಲ್ ಸ್ಟೇಡಿಯಂ ಹತ್ತಿರ, ಹೆದ್ದಾರಿಯ ಪಕ್ಕದಲ್ಲೇ ನಿಂತರೆ ಬಸ್ಸು, ಕೊಲೆಕ್ತಿವೊ ಎರಡೂ ಸಿಗುತ್ತವೆ. ಬೆಳಿಗ್ಗೆ ಹತ್ತರೊಳಗೆ ಸೇರಿಕೊಳ್ಳಿ. ಮಧ್ಯಾಹ್ನ ಆದರೆ ಜನ, ಬಿಸಿಲು, ಬಾರ್ಬಾಕೋವಾ ಮಾಂಸದ ಹೊಗೆ ಮೂರೂ ಜಾಸ್ತಿ.

ಇಲ್ಲಿ ನಾನು ಮೊದಲು ಕೊಳ್ಳಿ ಅನ್ನುವುದು ಏಪ್ರನ್. ಚೌಕುಳಿ ಬಟ್ಟೆ, ಅಂಚಿಗೆ ಮೆಷಿನ್ ಕಸೂತಿಯ ಹೂಗಳು. ಸಂತೆಯ ಹೆಂಗಸರೆಲ್ಲಾ ಇದನ್ನೇ ಹಾಕಿರುತ್ತಾರೆ. ಪ್ರವಾಸಿಗರಿಗೆಂದು ಮಾಡಿದ್ದಲ್ಲ, ಬೆಲೆಯೂ ಹಗುರ, ದಿನಾ ಬಳಕೆಗೆ ಬರುತ್ತದೆ.

ವಾಪಸ್ ಬರುವಾಗ ಕವಲು ದಾರಿಯಲ್ಲಿ ಇಳಿದು ತೆಯೊತಿತ್ಲಾನ್ ದೆಲ್ ವಾಯೆಗೆ ಹೋಗಿ. ಉಣ್ಣೆಯ ರಗ್ಗುಗಳ ಊರು. ಇಲ್ಲಿಯ ಮೂಲನಿವಾಸಿ ಸಾಪೊತೆಕ್ ಜನರ ನೇಯ್ಗೆ. ಕುರಿ ಮತ್ತು ಕಾಲಿನಿಂದ ತುಳಿಯುವ ಮಗ್ಗ ಎರಡೂ ಸ್ಪೇನಿನವರ ಜೊತೆ ಬಂದವು.

ಬಣ್ಣ ಹಾಕುವುದನ್ನು ತೋರಿಸಿ ಅಂತ ಕೇಳಿ, ಯಾವ ಮನೆಯಲ್ಲೂ ಬೇಸರ ಮಾಡುವುದಿಲ್ಲ. ಪಾಪಾಸುಕಳ್ಳಿಯ ಎಲೆ ತರುತ್ತಾರೆ. ಮೇಲೆ ಬಿಳಿ ಬೂಷ್ಟು ಹಿಡಿದ ಹಾಗೆ ಇರುತ್ತದೆ. ಅದು ಕೋಚಿನಿಯಲ್ ಹುಳ. ಒಣಗಿದ ಹುಳವನ್ನು ಅಂಗೈಯಲ್ಲಿ ಇಟ್ಟು ಹೆಬ್ಬೆರಳಿನಿಂದ ಅರೆದರೆ ಕಡುಗೆಂಪು. ಅದೇ ಅಂಗೈಗೆ ನಿಂಬೆರಸ ಎರಡು ಹನಿ ಬಿಟ್ಟರೆ ಕೆಂಪು ಕಿತ್ತಳೆಗೆ ತಿರುಗುತ್ತದೆ. ಸೋಡಾಪುಡಿ ಒಂದು ಚಿಟಿಕೆ ಹಾಕಿದರೆ ನೇರಳೆ. ಒಂದು ಕಿಲೋ ಒಣಹುಳಕ್ಕೆ ಲಕ್ಷಕ್ಕೂ ಹೆಚ್ಚು ಹುಳ ಬೇಕು. ಸ್ಪೇನಿನ ಆಳ್ವಿಕೆಯಲ್ಲಿ ಬೆಳ್ಳಿ ಬಿಟ್ಟರೆ ಮೆಕ್ಸಿಕೋದಿಂದ ಹೊರಗೆ ಹೋಗುತ್ತಿದ್ದ ಅತಿ ಬೆಲೆಯ ಸರಕು ಇದೇ. ಈಸ್ಟ್ ಇಂಡಿಯಾ ಕಂಪನಿಯೂ 18ನೇ ಶತಮಾನದ ಕೊನೆಯಲ್ಲಿ ಮದ್ರಾಸಿನಲ್ಲಿ ಕಳ್ಳಿ ನೆಟ್ಟು ಈ ಬಣ್ಣ ಬೆಳೆಯಲು ನೋಡಿತು. ಒಳ್ಳೆಯ ಜಾತಿಯ ಹುಳ ಸಿಗದೆ ಕೈಸುಟ್ಟುಕೊಂಡಿತು.

ಹುಳದ ಬಣ್ಣ ಬೇಡ ಅನ್ನುವವರಿಗೆ ನೀಲಿಗಿಡದ ನೀಲಿ, ಪೆರಿಕೋನ್ ಹೂವಿನ ಹಳದಿ, ಪೆಕಾನ್ ಸಿಪ್ಪೆಯ ಕಂದು ಇವೆ.

ಬಣ್ಣ ಹಾಕಿ ತೋರಿಸಿದ ಮಾತ್ರಕ್ಕೆ ಗೋಡೆಯ ಮೇಲಿನ ರಗ್ಗುಗಳೆಲ್ಲಾ ಅದೇ ಬಣ್ಣದವು ಅಂತ ಅಲ್ಲ. ಎರಡೂ ಬಗೆ ಒಂದೇ ಮನೆಯಲ್ಲಿರುತ್ತವೆ. ಯಾವುದು ಗಿಡದ ಬಣ್ಣ, ಯಾವುದು ಕೆಮಿಕಲ್ ಬಣ್ಣ ಅಂತ ಒಂದೊಂದನ್ನೇ ತೋರಿಸಿ ಕೇಳಿ. ನೇರವಾಗಿ ಕೇಳಿದರೆ ಒಳ್ಳೆಯ ನೇಕಾರರು ನೇರವಾಗಿ ಹೇಳುತ್ತಾರೆ. ಬೆಲೆಯಲ್ಲಿ ವ್ಯತ್ಯಾಸ ಇಲ್ಲ ಅಂದರೆ ಅನುಮಾನ ಪಡಿ.

ಆಮೇಲೆ ರಗ್ಗನ್ನು ಗೋಡೆಯಿಂದ ಇಳಿಸಿ ನೆಲದ ಮೇಲೆ ಹಾಸಲು ಹೇಳಿ. ಮೂಲೆ ಮೇಲೇಳಬಾರದು. ಉದ್ದಕ್ಕೆ ಮಡಚಿದರೆ ಎರಡು ಅಂಚು ಸರಿಯಾಗಿ ಕೂಡಬೇಕು. ತಿರುವಿ ಹಾಕಿ: ಎರಡೂ ಮೈ ಒಂದೇ ಥರ ಕಾಣಬೇಕು. ನೂಲುಗಳ ನಡುವೆ ಬೆರಳಿನಿಂದ ಸರಿಸಿದರೆ ಬಿಳಿ ಹಾಸುನೂಲು ಸುಲಭವಾಗಿ ಕಂಡರೆ ನೇಯ್ಗೆ ಸಡಿಲ.

ಹಂತ 6: ಕೈಕಸೂತಿ ಗುರುತಿಸುವುದು

ಬಟ್ಟೆಯ ಒಳಮೈ ತಿರುಗಿಸಿ. ಕೈಯಲ್ಲಿ ಹೊಲಿದಿದ್ದರೆ ಗಂಟು ಕಾಣುತ್ತದೆ, ದಾರ ಒಂದು ಹೂವಿನಿಂದ ಇನ್ನೊಂದಕ್ಕೆ ಜಿಗಿದಿರುತ್ತದೆ. ಕಂಪ್ಯೂಟರ್ ಮೆಷಿನ್ ಆದರೆ ಹಿಂದೆ ಒಂದೇ ಬಣ್ಣದ ದಾರ, ಗಟ್ಟಿ ಕಾಗದದಂಥ ಪದರ, ಹತ್ತು ರವಿಕೆ ಇದ್ದರೆ ಹತ್ತರಲ್ಲೂ ಒಂದೇ ಹೂವು ಒಂದೇ ಜಾಗದಲ್ಲಿ.

ಹಾಗಂತ ಮೆಷಿನ್ ಎಲ್ಲಾ ಮೋಸ ಅಲ್ಲ. ತೆವಾಂತೆಪೆಕ್ ಕಡೆಯ ಹೆಂಗಸರು ಹೊಲಿಗೆ ಮೆಷಿನ್ನಿನಲ್ಲೇ, ಬಟ್ಟೆಯನ್ನು ಕೈಯಿಂದ ತಿರುಗಿಸುತ್ತಾ ಸರಪಳಿ ಹೊಲಿಗೆಯ ವಿನ್ಯಾಸ ಹಾಕುತ್ತಾರೆ. ಅದು ಅವರದೇ ಪರಂಪರೆ. ನೋಡಬೇಕಾದ್ದು ಹೇಳಿದ್ದಕ್ಕೂ ಕೊಟ್ಟಿದ್ದಕ್ಕೂ ತಾಳೆ ಆಗುತ್ತಾ ಅನ್ನುವುದು. ‘ಆ ಮಾನೊ’ ಅಂದರೆ ಕೈಯಲ್ಲಿ ಮಾಡಿದ್ದು, ‘ಆ ಮಾಕಿನಾ’ ಅಂದರೆ ಮೆಷಿನ್ನಿನಲ್ಲಿ.

ಇಲ್ಲಿ ವಿನ್ಯಾಸದ ಮಾಲೀಕತ್ವ ಸೂಕ್ಷ್ಮ ವಿಷಯ. ಇದೇ ರಾಜ್ಯದ ತ್ಲಾವಿತೊಲ್ತೆಪೆಕ್ ಊರಿನ ರವಿಕೆಯನ್ನೇ ಹೋಲುವ ಉಡುಪನ್ನು ಪ್ಯಾರಿಸ್‌ನ ಫ್ಯಾಷನ್ ಬ್ರಾಂಡ್ ಒಂದು ಮಾರಿದ್ದು 2015ರಲ್ಲಿ ದೊಡ್ಡ ಗಲಾಟೆ ಆಯಿತು. 2022ರಲ್ಲಿ ಮೂಲನಿವಾಸಿ ಸಮುದಾಯಗಳ ಸಾಂಸ್ಕೃತಿಕ ಆಸ್ತಿ ಕಾಯುವ ಕಾನೂನೇ ಬಂತು. ಹಾಗಾಗಿ ವಿನ್ಯಾಸಗಳ ಫೋಟೋ ಹತ್ತಿರದಿಂದ ತೆಗೆಯಹೋದರೆ ಕೆಲವರು ಕೈ ಅಡ್ಡ ಹಿಡಿಯುತ್ತಾರೆ. ‘ಪ್ವೆದೊ ತೊಮಾರ್ ಉನಾ ಫೊತೊ?’ ಅಂತ ಮೊದಲು ಕೇಳಿ.

ಹಂತ 7: ಮಾತು ಮತ್ತು ಚೌಕಾಸಿ

ಮೊದಲು ನಮಸ್ಕಾರ, ಆಮೇಲೆ ವ್ಯಾಪಾರ. ‘ಬ್ವೆನೊಸ್ ದಿಯಾಸ್’ ಅನ್ನದೆ ಸೀದಾ ಬೆಲೆ ಕೇಳುವುದು ಅಲ್ಲಿ ಒರಟುತನ. ಮಧ್ಯಾಹ್ನದ ಮೇಲೆ ‘ಬ್ವೆನಾಸ್ ತಾರ್ದೆಸ್’. ‘ಕ್ವಾಂತೊ ಕ್ವೆಸ್ತಾ?’ ಅಂದರೆ ಎಷ್ಟು. ‘ಸೊಲೊ ಎಸ್ತೋಯ್ ಬಿಯೆಂದೊ, ಗ್ರಾಸಿಯಾಸ್’ ಅಂದರೆ ಸುಮ್ನೆ ನೋಡ್ತಾ ಇದ್ದೀನಿ. ‘ಲೊ ಇಸೊ ಉಸ್ತೆದ್?’ ಅಂದರೆ ನೀವೇ ಮಾಡಿದ್ದಾ. ಈ ಕೊನೆಯ ಪ್ರಶ್ನೆ ಕೇಳಿದಾಗ ಮುಖ ಅರಳಿದರೆ ಮಾಡಿದವರು ಅವರೇ. ಮಾತು ಬದಲಾಯಿಸಿದರೆ ತಂದು ಮಾರುವವರು.

ಚೌಕಾಸಿ ನಮಗೆ ಹುಟ್ಟಿನಿಂದ ಬಂದದ್ದು, ಅಲ್ವಾ? ಆದರೆ ಅರ್ಧ ಬೆಲೆಗೆ ಕೇಳುವ ಅಭ್ಯಾಸ ಇಲ್ಲಿ ಬಿಟ್ಟುಬಿಡಿ. ತಂದು ಮಾರುವ ಅಂಗಡಿಯಲ್ಲಿ ಸ್ವಲ್ಪ ಎಳೆದಾಡಿ, ತಪ್ಪಿಲ್ಲ. ಮಾಡಿದವರ ಮನೆಯಲ್ಲಿ ಬೇಡ. ಸೊಂಟದ ಮಗ್ಗದಲ್ಲಿ ನೇಯ್ದ ಒಂದು ಒಳ್ಳೆಯ ವಿಪಿಲ್ ಉಡುಪಿಗೆ ತಿಂಗಳುಗಳು ಹಿಡಿಯುತ್ತವೆ. ಆ ಬೆಲೆಯನ್ನು ದಿನಗಳಿಂದ ಭಾಗಿಸಿ ನೋಡಿದರೆ ಕೇಳಲು ಬಾಯಿ ಬರುವುದಿಲ್ಲ. ಬೇಕಾದರೆ ಎರಡು ಮೂರು ಸೇರಿಸಿ ಕೇಳಿ: ‘ಸಿ ಯೆವೊ ತ್ರೆಸ್?’, ಮೂರು ತಗೊಂಡರೆ? ಅವರೇ ಇಳಿಸುತ್ತಾರೆ. ಹಣ್ಣು, ಮೆಣಸಿನಕಾಯಿ, ಕಾಳಿನ ಅಂಗಡಿಯಲ್ಲಿ ಬೆಲೆ ಇಳಿಯದಿದ್ದರೂ ‘ಪಿಲೋನ್’ ಕೇಳಬಹುದು. ಕೊಸರು ಹಾಕುವ ಸಂಪ್ರದಾಯ ಅಲ್ಲೂ ಇದೆ.

ಹಂತ 8: ಮೆರುಗಿನ ಪಾತ್ರೆ, ಸೀಸದ ಅಪಾಯ

ಇದನ್ನು ದಯವಿಟ್ಟು ಹಾರಿಸಿ ಓದಬೇಡಿ. ಅತ್ಸೊಂಪಾ ಊರಿನ ಹಸಿರು ಮೆರುಗಿನ ಪಾತ್ರೆಗಳು, ಮೆಕ್ಸಿಕೋದ ಇನ್ನೂ ಎಷ್ಟೋ ಕಡೆಯ ಕಂದು ಮೆರುಗಿನ ಬಟ್ಟಲುಗಳು ನೋಡಲು ಚೆಂದ. ಆ ಮೆರುಗಿಗೆ ಹಿಂದಿನಿಂದ ಬಳಸುತ್ತಿದ್ದದ್ದು ಸೀಸ. ಹುಳಿ ತಗುಲಿದರೆ, ಬಿಸಿಯಾದರೆ ಅದು ಆಹಾರಕ್ಕೆ ಇಳಿಯುತ್ತದೆ. ಹುಣಸೆ, ನಿಂಬೆ, ಟೊಮೆಟೊ, ಮೊಸರು ಇಲ್ಲದೆ ನಮ್ಮ ಅಡುಗೆ ಇಲ್ಲ. ಹಾಗಾಗಿ ನಮಗೆ ಅಪಾಯ ಇನ್ನೂ ಜಾಸ್ತಿ.

ಊಟಕ್ಕೆ ಬಳಸುವುದಾದರೆ ‘ಸಿನ್ ಪ್ಲೊಮೊ’, ಅಂದರೆ ಸೀಸವಿಲ್ಲದ್ದು ಅಂತ ಬರೆದಿರುವುದನ್ನು, ಹಾಗೆ ಮಾಡುವ ಕಾರ್ಯಾಗಾರದಿಂದಲೇ ಕೊಳ್ಳಿ. ಅನುಮಾನ ಇದ್ದರೆ ಗೋಡೆಗೆ ತೂಗುಹಾಕಿ. ಮೆರುಗಿಲ್ಲದ ರೊಟ್ಟಿ ಹಂಚು, ಕೊಮಾಲ್, ತೊಂದರೆ ಇಲ್ಲ.

ಹಂತ 9: ನಡುವೆ ಹೊಟ್ಟೆಪಾಡು

ಸಸ್ಯಾಹಾರಿಗಳಿಗೆ ಕಾಣದ ಗುಂಡಿಗಳು ಐದು. ತ್ಲಾಯುದಾ ಅನ್ನುವ ದೊಡ್ಡ ಮೆಕ್ಕೆಜೋಳದ ರೊಟ್ಟಿಗೆ ಮೊದಲು ಹಂದಿಯ ಜಿಡ್ಡು ಸವರುತ್ತಾರೆ. ‘ಸಿನ್ ಅಸಿಯೆಂತೊ, ಸಿನ್ ಕಾರ್ನೆ’, ಅಂದರೆ ಆ ಜಿಡ್ಡು ಬೇಡ, ಮಾಂಸ ಬೇಡ ಅನ್ನಿ. ಅರೆದ ಕಾಳಿನಲ್ಲಿ ‘ಮಾಂತೆಕಾ’, ಅಂದರೆ ಹಂದಿ ಕೊಬ್ಬು, ಇರಬಹುದು. ಮೋಲೆ ಅನ್ನುವ ಗೊಜ್ಜಿಗೆ ಸಾಮಾನ್ಯವಾಗಿ ಕೋಳಿ ಸಾರು ಬೀಳುತ್ತದೆ. ಕಿತ್ತಳೆ ಹೋಳಿನ ಮೇಲೆ ಉದುರಿಸುವ ಕೆಂಪು ಉಪ್ಪು ‘ಸಾಲ್ ದೆ ಗುಸಾನೊ’ ಆಗಿದ್ದರೆ ಅದರಲ್ಲಿ ಹುಳ ಅರೆದಿರುತ್ತಾರೆ. ಸಂತೆಯಲ್ಲಿ ರುಚಿ ನೋಡಿ ಅಂತ ಕೈಗೆ ಹಾಕುವ ಕೆಂಪಗಿನ ಗರಿಗರಿ ತಿಂಡಿ ಮಿಡತೆ.

ಧೈರ್ಯವಾಗಿ ಕುಡಿಯಬಹುದಾದ್ದು ತೆಹಾತೆ. ಮೆಕ್ಕೆಜೋಳ, ಕೋಕೋ, ಮಮೇ ಹಣ್ಣಿನ ಬೀಜ, ಒಂದು ಬಗೆಯ ಹೂವು ಅರೆದು ಕೈಯಲ್ಲೇ ಕಲಸಿ ನೊರೆ ಬರಿಸಿದ ತಣ್ಣನೆ ಪಾನೀಯ. ಸೋರೆ ಬುರುಡೆಯ ಬಟ್ಟಲಲ್ಲಿ ಕೊಡುತ್ತಾರೆ. ಬಣ್ಣ ಬಳಿದ ಆ ಬಟ್ಟಲುಗಳೂ ಮಾರಾಟಕ್ಕಿರುತ್ತವೆ, ತೂಕವೇ ಇಲ್ಲ.

ಹಂತ 10: ಪ್ಯಾಕಿಂಗ್, ಕಸ್ಟಮ್ಸ್

ಮಣ್ಣಿನ ಪಾತ್ರೆ ಕೈಸಾಮಾನಿನಲ್ಲೇ ಇರಲಿ. ಒಳಗೆ ಸಾಕ್ಸ್ ತುರುಕಿ, ಹೊರಗೆ ರಗ್ಗು ಸುತ್ತಿ. ಮೋಲೆ ಪೇಸ್ಟ್ ಮತ್ತು ಮೆಸ್ಕಾಲ್ ಮದ್ಯ ಚೆಕ್-ಇನ್ ಬ್ಯಾಗಿಗೆ. ಸೆಕ್ಯೂರಿಟಿಯವರಿಗೆ ಪೇಸ್ಟ್ ಕೂಡಾ ದ್ರವವೇ.

ಮರದ ವಸ್ತುವನ್ನು ಕಸ್ಟಮ್ಸ್ ಫಾರಂನಲ್ಲಿ ಬರೆಯಿರಿ. ಮನೆಗೆ ಬಂದ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದೆರಡು ವಾರ ಫ್ರೀಜರಿನಲ್ಲಿ ಇಟ್ಟರೆ ಒಳಗಿನ ಹುಳ ಸಾಯುತ್ತದೆ.

ಹೊಲದಲ್ಲಿ ಸಿಕ್ಕಿದ್ದು ಅಂತ ಯಾರಾದರೂ ಜೇಬಿನಿಂದ ಹಳೇ ಮಣ್ಣಿನ ತಲೆ ತೆಗೆದು ತೋರಿಸಿದರೆ ಮುಟ್ಟಬೇಡಿ. ಬಹಳಷ್ಟು ಸಲ ಅದು ನಕಲಿ. ಅಸಲಿ ಆಗಿದ್ದರೆ ಇನ್ನೂ ಕಷ್ಟ: 1972ರ ಕಾನೂನಿನ ಪ್ರಕಾರ ಸ್ಪೇನಿನವರು ಬರುವ ಮುಂಚಿನ ವಸ್ತುಗಳೆಲ್ಲಾ ದೇಶದ ಆಸ್ತಿ, ಹೊರಗೆ ಒಯ್ಯುವುದು ಅಪರಾಧ.

ವಹಾಕಾಗೆ ಹೋಗಲು ಆಗದಿದ್ದರೆ

ಮೆಕ್ಸಿಕೋ ಸಿಟಿಯಲ್ಲಿ ಬಾಲ್ದೆರಾಸ್ ಮೆಟ್ರೋ ಹತ್ತಿರದ ಲಾ ಸಿಯುದಾದೆಲಾ ಮಾರುಕಟ್ಟೆಯಲ್ಲಿ ದೇಶದ ಎಲ್ಲಾ ಮೂಲೆಯ ಸರಕು ಸಿಗುತ್ತದೆ, ಒಳ್ಳೆಯದೂ ಕಳಪೆಯೂ ಅಕ್ಕಪಕ್ಕದಲ್ಲೇ. ಶನಿವಾರ ಆದರೆ ಸಾನ್ ಆಂಖೆಲ್ ಬಡಾವಣೆಯ ಬಸಾರ್ ಸಾಬಾದೊ, ಬೆಲೆ ಜಾಸ್ತಿ, ಕೆಲಸವೂ ಚೆನ್ನ.

ಪ್ವೆಬ್ಲಾದ ತಾಲಾವೆರಾ ಪಿಂಗಾಣಿ ಕೊಳ್ಳುವಾಗ ಬುಡ ತಿರುಗಿಸಿ ಕಾರ್ಯಾಗಾರದ ಹೆಸರು, ಸಹಿ ನೋಡಿ. ಆ ಹೆಸರಿಗೆ ಕಾನೂನಿನ ರಕ್ಷಣೆ ಇದೆ, 2019ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿದೆ. ತಾಸ್ಕೋದಲ್ಲಿ ಬೆಳ್ಳಿಯ ಸಂತೆ ಶನಿವಾರ. ಒಡವೆಯ ಮೇಲೆ 925 ಅಂತ ಅಚ್ಚು ಇರಬೇಕು. ‘ಅಲ್ಪಾಕಾ’ ಅಂದರೆ ಕೊಳ್ಳಬೇಡಿ, ನಿಕ್ಕಲ್ ಬೆರೆತ ಆ ಲೋಹದಲ್ಲಿ ಬೆಳ್ಳಿ ಚೂರೂ ಇರುವುದಿಲ್ಲ.